ಒಂದೇ ಜಗ್, ಮೂರು ಊರಿನ ನೀರು: ಸೋಸುವ ಜಗ್ ಕೆಟ್ಟಿತೆಂದಾಗ ಎಲ್ಲಿಂದ ಹುಡುಕಬೇಕು?

2024ರ ದೀಪಾವಳಿಗೆ ಒಂದೇ ಅಂಗಡಿಯಿಂದ ಒಂದೇ ಮಾದರಿಯ ಮೂರು ನೀರು ಸೋಸುವ ಜಗ್‌ಗಳನ್ನು ಕೊಂಡೆ. ಒಂದು ಮುಂಬೈಯ ಮುಲುಂಡಿನಲ್ಲಿರುವ ನಮ್ಮ ಮನೆಗೆ, ಒಂದು ಪುಣೆಯ ವಾಘೋಲಿಯಲ್ಲಿರುವ ಅಕ್ಕನಿಗೆ, ಮತ್ತೊಂದು ಗೋವಾದ ಮಡಗಾಂವ್ ಹೊರವಲಯದಲ್ಲಿ ಬಾವಿ ಇರುವ ಮನೆಯಲ್ಲಿ ನೆಲೆಸಿರುವ ಚಿಕ್ಕಪ್ಪನಿಗೆ. ಎರಡು ತಿಂಗಳೊಳಗೆ ಮೂರೂ ಕಡೆ ದೂರು ಶುರುವಾಯಿತು. ನಮ್ಮ ಜಗ್‌ನ ನೀರಿಗೆ ಮಣ್ಣಿನ ವಾಸನೆ. ಅಕ್ಕನ ಜಗ್‌ನ ನೀರನ್ನು ಕುದಿಸಿದರೆ ಬಿಳಿ ಪೊರೆ. ಚಿಕ್ಕಪ್ಪನ ಜಗ್ ಹನ್ನೊಂದನೆಯ ದಿನಕ್ಕೆ ತೊಟ್ಟಿಕ್ಕುವುದನ್ನೇ ನಿಲ್ಲಿಸಿತು. ಜಗ್ ಕೆಟ್ಟಿದೆ ಎಂದೇ ಮೂವರೂ ತೀರ್ಮಾನಿಸಿದೆವು. ಮೂರರಲ್ಲಿ ಒಂದೂ ಕೆಟ್ಟಿರಲಿಲ್ಲ.

ಆಮೇಲೆ ನಮ್ಮ ಕಟ್ಟಡದಲ್ಲೂ ನೆಂಟರಿಷ್ಟರ ಮನೆಗಳಲ್ಲೂ ಹತ್ತಾರು ಜಗ್‌ಗಳನ್ನು ಬಿಚ್ಚಿ ನೋಡಿದ್ದೇನೆ. ನೀರನ್ನು ಸೋಸುವ ಒಳಗಿನ ಡಬ್ಬಿಯನ್ನು, ಅಂದರೆ ಕಾರ್ಟ್ರಿಜ್ ಅನ್ನು, ಬದಲಾಯಿಸಿ ಬದಲಾಯಿಸಿ ಹಣ ಕಳೆದುಕೊಳ್ಳುವ ಮನೆಗಳನ್ನು ನೋಡಿದಾಗ ಸಂಕಟವಾಗುತ್ತದೆ. ಅದಕ್ಕಿಂತ ಹೆಚ್ಚಿನ ಸಂಕಟ, ನೀರು ರುಚಿಯಾಗಿದೆ ಎಂಬ ಒಂದೇ ಕಾರಣಕ್ಕೆ ಕುದಿಸುವುದನ್ನು ಬಿಟ್ಟ ಮನೆಗಳನ್ನು ಕಂಡಾಗ. ಜಗ್ ಸರಿಯಾಗಿ ಕೆಲಸ ಮಾಡುತ್ತಿದ್ದರೂ ಅಲ್ಲಿ ಅಪಾಯವಿರುತ್ತದೆ, ಅದು ಕಣ್ಣಿಗೂ ನಾಲಿಗೆಗೂ ಗೊತ್ತಾಗುವುದಿಲ್ಲ.

ಕಾರ್ಟ್ರಿಜ್ ಒಳಗೆ ಏನಿದೆ

ಸಾಮಾನ್ಯ ಜಗ್‌ನ ಕಾರ್ಟ್ರಿಜ್‌ನಲ್ಲಿ ಎರಡು ವಸ್ತುಗಳಿರುತ್ತವೆ. ಒಂದು, ಹೆಚ್ಚಾಗಿ ತೆಂಗಿನ ಚಿಪ್ಪಿನಿಂದ ತಯಾರಾದ ಸಕ್ರಿಯ ಇದ್ದಿಲು. ಇದು ಕ್ಲೋರಿನ್ನನ್ನು ತೆಗೆಯುತ್ತದೆ, ವಾಸನೆಗೆ ಕಾರಣವಾಗುವ ಸಾವಯವ ವಸ್ತುಗಳನ್ನು ಹಿಡಿದಿಡುತ್ತದೆ. ಇನ್ನೊಂದು, ಸಾಸಿವೆಗಿಂತ ಚಿಕ್ಕದಾದ ರೆಸಿನ್ ಮಣಿಗಳು. ಇವು ನೀರಿನಲ್ಲಿರುವ ಕ್ಯಾಲ್ಸಿಯಂ, ತಾಮ್ರ, ಸೀಸಗಳ ಅಯಾನುಗಳನ್ನು ಹಿಡಿದು, ಬದಲಿಗೆ ತಮ್ಮಲ್ಲಿರುವ ಹೈಡ್ರೋಜನ್ ಅಯಾನುಗಳನ್ನು ಬಿಡುತ್ತವೆ. ಹೊಸ ಕಾರ್ಟ್ರಿಜ್‌ನ ಮೊದಲ ಕೆಲವು ಜಗ್ ನೀರು ಒಂದಿಷ್ಟು ಹುಳಿ ಎನಿಸುವುದು ಇದರಿಂದಲೇ.

ಬ್ಯಾಕ್ಟೀರಿಯಾ, ವೈರಸ್‌ಗಳನ್ನು ತಡೆಯುವ ಸೂಕ್ಷ್ಮ ಪದರ ಇಂಥ ಜಗ್‌ನಲ್ಲಿ ಇರುವುದಿಲ್ಲ. ಇದ್ದಿಲಿಗೆ ಬೆಳ್ಳಿ ಲೇಪಿಸಿರುತ್ತಾರಲ್ಲ ಎಂದು ಕೆಲವರು ಕೇಳುತ್ತಾರೆ. ಆ ಬೆಳ್ಳಿ ಇದ್ದಿಲಿನ ಮೇಲೆ ಸೂಕ್ಷ್ಮಜೀವಿಗಳು ಬೆಳೆಯುವುದನ್ನು ತಗ್ಗಿಸುವುದಕ್ಕೆ ಮಾತ್ರ, ಕುಡಿಯುವ ನೀರನ್ನು ಸೋಂಕುರಹಿತ ಮಾಡುವುದಕ್ಕಲ್ಲ.

ಮೊದಲು ಮೂರು ಲೋಟ

ಯಾವ ದೂರು ಇದ್ದರೂ ನಾನು ಶುರು ಮಾಡುವುದು ಮೂರು ಗಾಜಿನ ಲೋಟಗಳಿಂದ. ಮೊದಲ ಲೋಟಕ್ಕೆ ಪಾಲಿಕೆಯ ನೀರು ಕಟ್ಟಡದ ಸಂಪಿಗೆ ಬಂದು ಬೀಳುವ ಜಾಗದಿಂದ ಹಿಡಿದ ನೀರು. ಎರಡನೆಯದಕ್ಕೆ ಮೇಲಿನ ಟ್ಯಾಂಕಿನಿಂದ ಬರುವ ಅಡುಗೆಮನೆಯ ನಲ್ಲಿಯ ನೀರು. ಮೂರನೆಯದಕ್ಕೆ ಜಗ್‌ನ ನೀರು. ಹಿಂದೆ ಬಿಳಿ ಹಾಳೆ ಇಟ್ಟು ಬಣ್ಣ ನೋಡಿ. ಅಂಗೈಯಿಂದ ಬಾಯಿ ಮುಚ್ಚಿ ಲೋಟವನ್ನು ಅಲ್ಲಾಡಿಸಿ, ತೆರೆದ ತಕ್ಷಣ ಮೂಸಿ ನೋಡಿ. ಬಳಿಕ ಕ್ಲೋರಿನ್ ಪರೀಕ್ಷೆಯ ಹನಿ ಹಾಕಿ. ಅಲಂಕಾರಿಕ ಮೀನು ಮಾರುವ ಅಂಗಡಿಗಳಲ್ಲಿ ಈ ಹನಿಗಳು ಸಿಗುತ್ತವೆ. ಮುಂಬೈಯವರಿಗೆ ಕ್ರಾಫರ್ಡ್ ಮಾರುಕಟ್ಟೆಯ ಸಾಲಂಗಡಿಗಳು ಗೊತ್ತೇ ಇರುತ್ತವೆ. ಆರ್ಥೋಟಾಲಿಡಿನ್ ಹನಿಯಾದರೆ ಕ್ಲೋರಿನ್ ಇದ್ದಲ್ಲಿ ನೀರು ಹಳದಿಯಾಗುತ್ತದೆ. ಹನಿ ಹಾಕಿದ ನೀರನ್ನು ಕುಡಿಯಬಾರದು, ಮೋರಿಗೆ ಚೆಲ್ಲಿ, ಲೋಟ ತೊಳೆಯಬೇಕು.

ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ, ಕ್ಲೋರಿನ್ ಬೆರೆಸಿದ ನೀರು ಬಳಕೆದಾರನ ನಲ್ಲಿ ತಲುಪಿದಾಗ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಅಷ್ಟು ಉಳಿದಿದ್ದರೆ ದಾರಿಯಲ್ಲಿ ಕೊಳೆ ಸೇರಿಲ್ಲ ಎಂಬುದಕ್ಕೆ ಒಂದು ಒಳ್ಳೆಯ ಸೂಚನೆ. ಮೂರು ಲೋಟಗಳನ್ನು ಹೀಗೆ ಓದುತ್ತೇನೆ. ಮೊದಲ ಎರಡೂ ಹಳದಿಯಾಗಿ ಮೂರನೆಯದು ತಿಳಿಯಾಗಿ ಉಳಿದರೆ ಜಗ್ ತನ್ನ ಕೆಲಸ ಮಾಡುತ್ತಿದೆ. ಮೂರೂ ಹಳದಿಯಾದರೆ ಇದ್ದಿಲಿನ ಶಕ್ತಿ ಮುಗಿದಿದೆ, ಅಥವಾ ನೀರು ಕಾರ್ಟ್ರಿಜ್‌ನ ಒಳಗೆ ಹೋಗದೆ ಪಕ್ಕದಿಂದ ಜಾರುತ್ತಿದೆ. ಮೊದಲನೆಯದು ಹಳದಿಯಾಗಿ ಎರಡನೆಯದು ತಿಳಿಯಾಗಿದ್ದರೆ, ತಪ್ಪು ಜಗ್‌ನದಲ್ಲ, ಟ್ಯಾಂಕಿನದು.

ನಮ್ಮ ಮನೆಯಲ್ಲಿ ಆದದ್ದು ಈ ಕೊನೆಯದೇ. ಮಣ್ಣಿನ ವಾಸನೆ ಬಂತೆಂದು ಮೂರು ಕಾರ್ಟ್ರಿಜ್ ಬದಲಾಯಿಸಿದ್ದೆ. ಹೊಸದು ಹಾಕಿದ ಒಂದು ವಾರ ವಾಸನೆ ಇರುವುದಿಲ್ಲ, ಮತ್ತೆ ಬರುತ್ತದೆ. ಮುಂಬೈಗೆ ನೀರು ಬರುವುದು ತುಳಸಿ, ವಿಹಾರ, ತಾನ್ಸಾ, ಭಾತ್ಸಾ, ಮೋಡಕ್ ಸಾಗರ, ಮೇಲಿನ ಮತ್ತು ನಡುವಿನ ವೈತರಣಾ ಎಂಬ ಏಳು ಜಲಾಶಯಗಳಿಂದ. ಅದರಲ್ಲಿ ಹೆಚ್ಚಿನ ಪಾಲು ಭಾಂಡುಪ್ ಮತ್ತು ಪಾಂಜ್ರಾಪುರಗಳಲ್ಲಿ ಶುದ್ಧವಾಗಿ ನಗರಕ್ಕೆ ಹರಿಯುತ್ತದೆ. ಆ ನೀರಿನ ಮೇಲೆ ಅನುಮಾನಪಟ್ಟಿದ್ದೆ. ಸಂಪಿಗೆ ಬೀಳುವ ನೀರಿನಲ್ಲಿ ಹನಿ ಹಾಕಿದರೆ ಚೆನ್ನಾಗಿ ಹಳದಿಯಾಯಿತು, ನಲ್ಲಿಯ ನೀರಿನಲ್ಲಿ ಏನೂ ಇಲ್ಲ. ಕಾವಲುಗಾರರೊಂದಿಗೆ ತಾರಸಿ ಹತ್ತಿದೆ. ಟ್ಯಾಂಕಿನ ಮುಚ್ಚಳದ ಒಂದು ಮೂಲೆ ಒಡೆದಿತ್ತು, ತಳದಲ್ಲಿ ಬೆರಳು ಮುಳುಗುವಷ್ಟು ಕೆಸರು, ಅಂಚಿನಲ್ಲಿ ಪಾರಿವಾಳದ ಗರಿ. ಎರಡು ಟ್ಯಾಂಕ್ ತೊಳೆಸಿ ಮುಚ್ಚಳ ಬದಲಾಯಿಸಿದ ಮೇಲೆ ವಾಸನೆ ಮತ್ತೆ ಬರಲಿಲ್ಲ. ಕಟ್ಟಡದ ಅಷ್ಟೂ ಮನೆಯವರು ಆ ನೀರನ್ನು ಕುಡಿಯುತ್ತಿದ್ದರು. ಇದ್ದಿಲು ವಾಸನೆಯನ್ನು ಒಂದು ವಾರ ಅಡಗಿಸಿಟ್ಟದ್ದರಿಂದ ಅಷ್ಟು ದಿನ ನಾನು ತಾರಸಿ ಹತ್ತಲಿಲ್ಲ ಎಂಬುದು ನನ್ನನ್ನು ಈಗಲೂ ಕಾಡುತ್ತದೆ.

ನೀರು ನಿಧಾನವಾದರೆ, ಅಥವಾ ನಿಂತೇ ಹೋದರೆ

ಹೊಸ ಕಾರ್ಟ್ರಿಜ್ ಹಾಕಿದ ದಿನ ಮೇಲಿನ ತೊಟ್ಟಿ ತುಂಬಿಸಿ, ಪೂರ್ತಿ ಇಳಿಯಲು ಎಷ್ಟು ನಿಮಿಷ ಬೇಕೆಂದು ಗಡಿಯಾರ ನೋಡಿ ಬರೆದಿಡಬೇಕು. ಕಾಗದದ ಪಟ್ಟಿಯನ್ನು ಜಗ್‌ನ ತಳಕ್ಕೆ ಅಂಟಿಸಿದರೆ ಸಾಕು. ನಮ್ಮದಕ್ಕೆ ಏಳು ನಿಮಿಷ. ಈ ಒಂದು ಸಂಖ್ಯೆ ಇಲ್ಲದಿದ್ದರೆ ಮುಂದಿನ ಯಾವ ತೀರ್ಮಾನವೂ ಊಹೆಯೇ.

ಹೊಸ ಕಾರ್ಟ್ರಿಜ್ ಮೊದಲ ದಿನವೇ ನಿಧಾನವಾಗಿದ್ದರೆ ಒಳಗೆ ಗಾಳಿ ಸಿಕ್ಕಿಕೊಂಡಿದೆ. ಅದನ್ನು ಹೊರತೆಗೆದು ಪಾತ್ರೆಯ ತಣ್ಣೀರಿನಲ್ಲಿ ಮುಳುಗಿಸಿ, ತಲೆಕೆಳಗು ಮಾಡಿ ಮೆಲ್ಲಗೆ ತಟ್ಟಿ. ಗುಳ್ಳೆಗಳು ಬರುವುದು ನಿಂತ ಮೇಲೆ ಮತ್ತೆ ಕೂರಿಸಿ. ದಿನ ಕಳೆದಂತೆ ನಿಧಾನವಾದರೆ ಮಣ್ಣೋ ಕಬ್ಬಿಣವೋ ಕಟ್ಟಿಕೊಂಡಿದೆ ಎಂದರ್ಥ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದು ಎಲ್ಲ ಮನೆಗಳಲ್ಲೂ ಹೆಚ್ಚು. ಕಾರ್ಟ್ರಿಜ್ ಅನ್ನು ಸಾಬೂನಿನಿಂದ ಉಜ್ಜುವುದು, ಬಿಸಿನೀರಿನಲ್ಲಿ ನೆನೆಸುವುದು, ಪಿನ್ನಿನಿಂದ ಜಾಲರಿ ಚುಚ್ಚುವುದು, ಈ ಮೂರನ್ನೂ ಮಾಡಬಾರದು. ಚುಚ್ಚಿದ ಜಾಲರಿಯಿಂದ ರೆಸಿನ್ ಮಣಿಗಳು ಲೋಟಕ್ಕೆ ಇಳಿದಿದ್ದನ್ನು ನೋಡಿದ್ದೇನೆ.

ಚಿಕ್ಕಪ್ಪನ ಜಗ್ ನಿಂತದ್ದು ಕಬ್ಬಿಣದಿಂದ. ಅವರ ಬಾವಿ ಕಬ್ಬಿಣದ ಅಂಶ ಹೆಚ್ಚಿರುವ ಮುರಕಲ್ಲಿನ ನೆಲದಲ್ಲಿದೆ. "ಸೇದಿದಾಗ ನೀರು ಸ್ಫಟಿಕದ ಹಾಗಿದೆ ಮಾರಾಯ, ನಮ್ಮ ಕುಂದಾಪುರದ ಬಾವಿಯ ಹಾಗೆಯೇ" ಎಂದು ಅವರು ಹೇಳುತ್ತಲೇ ಇದ್ದರು. ಅದು ನಿಜವೇ. ಕರಗಿರುವ ಕಬ್ಬಿಣಕ್ಕೆ ಬಣ್ಣ ಕಾಣುವುದಿಲ್ಲ. ಗಾಳಿ ತಗಲಿದ ಮೇಲೆ ಅದು ತುಕ್ಕಾಗಿ ಕಂದು ಪುಡಿಯಾಗುತ್ತದೆ. ಬಾವಿ ನೀರನ್ನು ಬಿಳಿ ಬಕೆಟ್‌ನಲ್ಲಿ ರಾತ್ರಿಯಿಡೀ ಇಡಲು ಹೇಳಿದೆ. ಬೆಳಿಗ್ಗೆ ತಳದಲ್ಲಿ ಇಟ್ಟಿಗೆ ಬಣ್ಣದ ಮಡ್ಡಿ. ಬಕೆಟ್‌ನಲ್ಲಿ ನಡೆದದ್ದೇ ಹನ್ನೊಂದು ದಿನ ಕಾರ್ಟ್ರಿಜ್ ಒಳಗೂ ನಡೆದಿತ್ತು. ಈಗ ಅವರು ಸಂಜೆ ನೀರು ಸೇದಿ, ಒಂದು ಕೊಡದಿಂದ ಇನ್ನೊಂದಕ್ಕೆ ನಾಲ್ಕೈದು ಬಾರಿ ಎತ್ತರದಿಂದ ಸುರಿದು ಗಾಳಿಯಾಡಿಸಿ, ಮುಚ್ಚಿಡುತ್ತಾರೆ. ಬೆಳಿಗ್ಗೆ ತಿಳಿನೀರನ್ನು ಮಾತ್ರ ನಾಲ್ಕು ಮಡಿಕೆ ಪಂಚೆ ಬಟ್ಟೆಯಲ್ಲಿ ಸೋಸಿ ಜಗ್‌ಗೆ ಹಾಕುತ್ತಾರೆ. ಕಾರ್ಟ್ರಿಜ್ ಈಗ ಒಂದು ತಿಂಗಳು ಬರುತ್ತದೆ. ಬಾವಿಗೆ ಕ್ಲೋರಿನ್ ಹಾಕುವವರಿಲ್ಲವಾದ್ದರಿಂದ ಅವರ ಮನೆಯಲ್ಲಿ ಕುದಿಸುವುದು ಕಡ್ಡಾಯ. ಈ ಮಾತನ್ನು ಚಿಕ್ಕಮ್ಮನಿಗೂ ಬೇರೆಯಾಗಿ ಹೇಳಿದ್ದೇನೆ.

ನೀರು ಬೇಗ ಇಳಿದರೆ

ಇದನ್ನು ಯಾರೂ ದೋಷವೆಂದು ತಿಳಿಯುವುದಿಲ್ಲ, ಖುಷಿಪಡುತ್ತಾರೆ. ಏಳು ನಿಮಿಷದ ಜಗ್ ಎರಡು ನಿಮಿಷಕ್ಕೆ ಖಾಲಿಯಾದರೆ ನೀರು ಸೋಸಿಕೊಳ್ಳುತ್ತಿಲ್ಲ. ಕಾರ್ಟ್ರಿಜ್ ಓರೆಯಾಗಿ ಕೂತಿರಬಹುದು, ರಬ್ಬರ್ ಉಂಗುರ ಸುತ್ತಿಕೊಂಡಿರಬಹುದು, ಬೇರೆ ಕಂಪನಿಯ ಅಗ್ಗದ ಕಾರ್ಟ್ರಿಜ್ ಅಳತೆಯಲ್ಲಿ ಕೂದಲೆಳೆಯಷ್ಟು ಸಣ್ಣದಿರಬಹುದು. ಹೊರತೆಗೆದು, ಕೂರುವ ಜಾಗವನ್ನು ಒರೆಸಿ, ಒದ್ದೆ ಮಾಡಿ, ಎರಡೂ ಹೆಬ್ಬೆರಳಿನಿಂದ ಒತ್ತಿ ಕೂರಿಸಿ.

ಇನ್ನೊಂದು ಕಾರಣ ನಮ್ಮ ಅವಸರ. ಮೇಲಿನ ತೊಟ್ಟಿಯಲ್ಲಿ ನೀರು ಇನ್ನೂ ಇರುವಾಗಲೇ ಜಗ್ ಬಗ್ಗಿಸಿದರೆ, ಸೋಸದ ನೀರು ಮುಚ್ಚಳದ ಅಂಚಿನಿಂದ ಹರಿದು ಲೋಟಕ್ಕೆ ಬೀಳುತ್ತದೆ. ಬೆಳಿಗ್ಗೆ ಶಾಲೆಯ ಬಾಟಲಿ ತುಂಬಿಸುವ ಹೊತ್ತಿನಲ್ಲಿ ಇದು ಎಷ್ಟು ಮನೆಗಳಲ್ಲಿ ನಡೆಯುತ್ತದೋ! ರಾತ್ರಿಯೇ ತುಂಬಿಸಿಡುವುದೊಂದೇ ದಾರಿ.

ಬಿಳಿ ಪೊರೆ, ಬಿಳಿ ಚೂರು

ಅಕ್ಕನ ವಸತಿ ಸಮುಚ್ಚಯಕ್ಕೆ ವರ್ಷದ ಬಹುಪಾಲು ಟ್ಯಾಂಕರ್ ನೀರು, ಉಳಿದಂತೆ ಬೋರ್‌ವೆಲ್. ದಖ್ಖನಿನ ಕಪ್ಪು ಶಿಲೆಯ ಬಿರುಕುಗಳಿಂದ ಬರುವ ಅಂತರ್ಜಲ ಹಲವು ಕಡೆ ಗಡಸು. ಕುದಿಸಿದಾಗ ತೇಲುವ ಬಿಳಿ ಚೂರು ಸುಣ್ಣವೇ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಆರೋಗ್ಯಕ್ಕೆ ಅದರಿಂದ ಭಯವಿಲ್ಲ, ಆದರೆ ರೆಸಿನ್ ಸೋತಿದೆ ಎಂಬುದಕ್ಕೆ ಅದು ಸಾಕ್ಷಿ. ಮೀನಿನ ಅಂಗಡಿಯಲ್ಲೇ ಗಡಸುತನ ಅಳೆಯುವ ಹನಿಗಳೂ ಸಿಗುತ್ತವೆ. ಬಣ್ಣ ತಿರುಗುವವರೆಗೆ ಹನಿ ಎಣಿಸಿದರೆ ಲೆಕ್ಕ ಸಿಗುತ್ತದೆ. ಅದೂ ಇಲ್ಲದಿದ್ದರೆ ಬಾಟಲಿಗೆ ನೀರು ಮತ್ತು ಸಾಬೂನಿನ ತುರಿ ಹಾಕಿ ಕುಲುಕಿ. ಮೆದು ನೀರು ನೊರೆಗಟ್ಟುತ್ತದೆ, ಗಡಸು ನೀರು ಮೊಸರೊಡೆದಂತೆ ಆಗುತ್ತದೆ.

ಐಎಸ್ 10500 ಒಪ್ಪುವ ಗಡಸುತನ ಲೀಟರಿಗೆ 200 ಮಿಲಿಗ್ರಾಂ, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ. ಅಕ್ಕನ ನಲ್ಲಿಯಲ್ಲಿ ಹನಿ ಎಣಿಸಿದಾಗ 420 ಬಂತು. ಗಡಸುತನ ಎರಡು ಪಟ್ಟಾದರೆ ರೆಸಿನ್‌ನ ಬಾಳಿಕೆ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಡಬ್ಬದ ಮೇಲೆ 150 ಲೀಟರ್ ಎಂದು ಬರೆದದ್ದು ಅಂಥ ನೀರಿಗೆ ಅನ್ವಯಿಸುವುದಿಲ್ಲ. ಇನ್ನೊಂದು ಮಿತಿಯೂ ಉಂಟು. ಜಗ್‌ನ ರೆಸಿನ್ ಮುಖ್ಯವಾಗಿ ಬೈಕಾರ್ಬೊನೇಟ್ ಜೊತೆಗಿರುವ ಗಡಸುತನವನ್ನು, ಅಂದರೆ ಕುದಿಸಿದಾಗ ಸುಣ್ಣವಾಗಿ ಕೂರುವಂಥದ್ದನ್ನು ತೆಗೆಯುತ್ತದೆ. ಸಲ್ಫೇಟ್, ಕ್ಲೋರೈಡ್ ಜೊತೆಗಿರುವುದು ಹಾಗೆಯೇ ಉಳಿಯುತ್ತದೆ. ಅಕ್ಕನ ಮನೆಗೆ ಜಗ್ ಉಡುಗೊರೆ ಕೊಟ್ಟದ್ದೇ ನನ್ನ ತಪ್ಪು ಆಯ್ಕೆ. ಕೊಳ್ಳುವ ಮೊದಲು ಅವಳ ನೀರನ್ನು ಅಳೆದಿದ್ದರೆ ಬೇರೆ ಸಾಧನ ಕೊಡಿಸುತ್ತಿದ್ದೆ.

ರುಚಿಯೇ ಮೋಸ ಮಾಡುವಾಗ

2025ರ ಜನವರಿಯಲ್ಲಿ ಪುಣೆಯ ಸಿಂಹಗಡ ರಸ್ತೆಯ ಸುತ್ತಮುತ್ತ ನರಗಳಿಗೆ ಪೆಟ್ಟು ಕೊಟ್ಟು ಕೈಕಾಲುಗಳ ಬಲ ಕುಂದಿಸುವ ಗಿಯಾನ್ ಬಾರೆ ಸಿಂಡ್ರೋಮ್ ಎಂಬ ಕಾಯಿಲೆಯ ಪ್ರಕರಣಗಳು ಒಮ್ಮೆಲೇ ಹೆಚ್ಚಿದವು. ಕೆಲವು ರೋಗಿಗಳ ಮಾದರಿಗಳಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಜೆಜುನಿ ಎಂಬ ಬ್ಯಾಕ್ಟೀರಿಯಾ ಕಂಡುಬಂತು, ನೀರನ್ನು ಕುದಿಸಿ ಕುಡಿಯಿರಿ ಎಂದು ಜನರಿಗೆ ಹೇಳಲಾಯಿತು. ಅಕ್ಕನ ಮನೆ ಊರಿನ ಇನ್ನೊಂದು ಬದಿಗಿದೆ. ಆದರೂ ಗಾಬರಿಯಿಂದ ಫೋನ್ ಮಾಡಿದಳು. "ಜಗ್ ಇದೆಯಲ್ಲ ತಮ್ಮಾ, ಮತ್ತೆ ಕುದಿಸಬೇಕೇ? ಈಗ ನೀರು ಎಷ್ಟು ಸಿಹಿಯಾಗಿದೆ ಗೊತ್ತೇ?" ಎಂದಳು. ದೀಪಾವಳಿಯಿಂದ ಅವಳು ಕುಡಿಯುವ ನೀರನ್ನು ಕುದಿಸುವುದನ್ನೇ ಬಿಟ್ಟಿದ್ದಳು. ನಾನು ಕೊಟ್ಟ ಜಗ್‌ನಿಂದ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸೋಸಿದ ನೀರು ಸಿಹಿ ಎನಿಸುವುದು ಮುಖ್ಯವಾಗಿ ಕ್ಲೋರಿನ್ ಹೋಗಿರುವುದರಿಂದ. ಕ್ಲೋರಿನ್ ಹೋಯಿತೆಂದರೆ ಮುಂದೆ ಆ ನೀರಿಗೆ ಬೀಳುವ ಸೂಕ್ಷ್ಮಜೀವಿಯನ್ನು ತಡೆಯುವವರಿಲ್ಲ. ಅದಕ್ಕೇ ಜಗ್‌ನ ನೀರನ್ನು ಫ್ರಿಜ್‌ನಲ್ಲಿಟ್ಟು ಒಂದು ದಿನದೊಳಗೆ ಮುಗಿಸಬೇಕು. ನೀರಿನ ಮೂಲದ ಮೇಲೆ ಅನುಮಾನವಿದ್ದರೆ, ನಲ್ಲಿಯ ನೀರಿನಲ್ಲಿ ಕ್ಲೋರಿನ್ ಕಾಣದಿದ್ದರೆ, ಟ್ಯಾಂಕರ್ ಅಥವಾ ಬಾವಿಯ ನೀರಾದರೆ, ಮನೆಯಲ್ಲಿ ಕೂಸೋ ಗರ್ಭಿಣಿಯೋ ರೋಗಿಯೋ ಇದ್ದರೆ ಕುದಿಸಲೇಬೇಕು.

ಕುದಿಸುವ ಕ್ರಮದಲ್ಲೂ ಒಂದು ತಪ್ಪು ಬಹಳ ಮನೆಗಳಲ್ಲಿದೆ. ಮೊದಲು ಕುದಿಸಿ, ಆರಿಸಿ, ಆಮೇಲೆ ಜಗ್‌ಗೆ ಸುರಿಯುತ್ತಾರೆ. ವಾರಗಟ್ಟಲೆ ಒದ್ದೆಯಾಗಿರುವ ಕಾರ್ಟ್ರಿಜ್‌ನಲ್ಲಿ ಸೂಕ್ಷ್ಮಜೀವಿಗಳು ನೆಲೆಸಿರುತ್ತವೆ, ಕುದಿಸಿದ ನೀರು ಅವುಗಳ ನಡುವೆ ಹಾದು ಮತ್ತೆ ಕೆಡುತ್ತದೆ. ಕ್ರಮ ತಿರುವುಮುರುವಾಗಬೇಕು: ಮೊದಲು ಸೋಸಿ, ನಂತರ ಮಳಮಳನೆ ಒಂದು ನಿಮಿಷ ಕುದಿಸಿ, ಅದೇ ಪಾತ್ರೆಯಲ್ಲಿ ಮುಚ್ಚಿ ಆರಿಸಿ. ಮೊದಲೇ ಸೋಸಿದ್ದರಿಂದ ಪಾತ್ರೆಗೆ ಸುಣ್ಣ ಕಟ್ಟುವುದೂ ಕಡಿಮೆ.

ಚಿಕ್ಕಪುಟ್ಟ ದೂರುಗಳು

ಕಪ್ಪು ಚುಕ್ಕೆ: ಇದ್ದಿಲಿನ ಪುಡಿ. ಹೊಸ ಕಾರ್ಟ್ರಿಜ್‌ನ ಮೊದಲ ಎರಡು ಮೂರು ಜಗ್ ನೀರನ್ನು ಗಿಡಕ್ಕೆ ಹಾಕಿ. ಆಮೇಲೂ ಬರುತ್ತಿದ್ದರೆ ಕಾರ್ಟ್ರಿಜ್ ಹಿಂದಿರುಗಿಸಿ.

ಹಸಿರು ಲೋಳೆ: ಪಾಚಿ. ಜಗ್ ಕಿಟಕಿಯ ಬಿಸಿಲಿನಲ್ಲಿದೆ. ಪಾತ್ರೆ ತೊಳೆಯುವ ಸಾಬೂನು, ಮೆದು ಬ್ರಷ್‌ನಿಂದ ವಾರಕ್ಕೊಮ್ಮೆ ಉಜ್ಜಿ, ಮುಚ್ಚಳದ ಸಂದನ್ನೂ ಬಿಡಬೇಡಿ. ಉಜ್ಜುವಾಗ ಕಾರ್ಟ್ರಿಜ್ ಹೊರಗಿರಲಿ.

ಊರಿಗೆ ಹೋಗಿ ಬಂದ ಮೇಲೆ ಮುಗ್ಗಲು ವಾಸನೆ: ಮೂರು ವಾರ ಒದ್ದೆಯಾಗಿ ಕೂತ ಕಾರ್ಟ್ರಿಜ್ ಅನ್ನು ಉಳಿಸಿಕೊಳ್ಳಲು ಹೋಗಬೇಡಿ, ಎಸೆಯಿರಿ.

ಕಾರ್ಟ್ರಿಜ್ ಬದಲಾಯಿಸುವ ಹೊತ್ತನ್ನು ಸೂಚಿಸುವ ಜಗ್‌ನ ದೀಪ ಇನ್ನೂ ಹಸಿರಾಗಿಯೇ ಇದೆ: ಸಾಮಾನ್ಯವಾಗಿ ಆ ದೀಪ ದಿನಗಳನ್ನು ಅಥವಾ ಮುಚ್ಚಳ ತೆರೆದ ಸಲಗಳನ್ನು ಎಣಿಸುತ್ತದೆ, ನೀರನ್ನು ಪರೀಕ್ಷಿಸುವುದಿಲ್ಲ. ಕ್ಲೋರಿನ್ ಹನಿಯನ್ನೇ ನಂಬಿ.

ಟಿಡಿಎಸ್ ಮೀಟರಿನಲ್ಲಿ ಅಂಕಿ ಇಳಿಯುತ್ತಿಲ್ಲ: ಇದು ದೋಷವಲ್ಲ. ಮೀಟರ್ ಕರಗಿದ ಲವಣಗಳನ್ನು ಅಂದಾಜಿಸುತ್ತದೆ, ಇದ್ದಿಲು ಲವಣಗಳನ್ನು ತೆಗೆಯುವುದಿಲ್ಲ. ನಮ್ಮ ನಲ್ಲಿಯ ನೀರು 80ರ ಆಸುಪಾಸು ತೋರಿಸುತ್ತದೆ, ಮಾನಕ ಒಪ್ಪುವ ಮಟ್ಟ 500. ಮನೆಗೆ ಬರುವ ಮಾರಾಟಗಾರರು ಎರಡು ಲೋಹದ ಕಡ್ಡಿಗಳನ್ನು ನೀರಿಗಿಳಿಸಿ ವಿದ್ಯುತ್ ಹಾಯಿಸಿ ಕಂದು ಬಗ್ಗಡ ತೋರಿಸುತ್ತಾರೆ. ಆ ಕಂದು ಬರುವುದು ಕರಗುವ ಕಬ್ಬಿಣದ ಕಡ್ಡಿಯಿಂದ. ಲವಣಗಳನ್ನೂ ತೆಗೆಯುವ ಅವರದೇ ಆರ್‌ಒ (ರಿವರ್ಸ್ ಆಸ್ಮೋಸಿಸ್) ಯಂತ್ರದ ನೀರಿಗೆ ಚಿಟಿಕೆ ಉಪ್ಪು ಹಾಕಿ ಮತ್ತೆ ಮಾಡಿಸಿ, ಅದೂ ಕಂದಾಗುತ್ತದೆ. ನಮ್ಮ ಪಕ್ಕದ ಮನೆಯ ಅಜ್ಜಿ ಆ ಬಗ್ಗಡಕ್ಕೆ ಹೆದರಿ ಪಿಂಚಣಿ ಹಣದಲ್ಲಿ ಯಂತ್ರ ಕೊಂಡರು. ಅವರಿಗೆ ಅದರ ಅಗತ್ಯವೇ ಇರಲಿಲ್ಲ.

ಕೊಳ್ಳುವ ಮೊದಲು

ಮನೆಯಲ್ಲಿ ಐವರಿದ್ದು ಕುಡಿಯಲು, ಅಡುಗೆಗೆ ತಲಾ ಮೂರು ಲೀಟರ್ ಎಂದರೆ ದಿನಕ್ಕೆ 15 ಲೀಟರ್. 150 ಲೀಟರಿನ ಕಾರ್ಟ್ರಿಜ್ ಹತ್ತೇ ದಿನಕ್ಕೆ ಮುಗಿಯುತ್ತದೆ. ಇಬ್ಬರೇ ಇದ್ದು ದಿನಕ್ಕೆ ನಾಲ್ಕು ಲೀಟರ್ ಸೋಸಿದರೆ ಐದು ವಾರ ಬರುತ್ತದೆ; ಆದರೂ ಡಬ್ಬದ ಮೇಲೆ ನಾಲ್ಕು ವಾರ ಎಂದಿದ್ದರೆ ನಾಲ್ಕಕ್ಕೇ ಬದಲಾಯಿಸಬೇಕು. ಜಗ್‌ನ ಬೆಲೆ ನೋಡಬೇಡಿ, ಕಾರ್ಟ್ರಿಜ್‌ನ ಬೆಲೆಯನ್ನು ನಿಮ್ಮ ನೀರಿನಲ್ಲಿ ನಿಜಕ್ಕೂ ಸಿಗುವ ಲೀಟರುಗಳಿಂದ ಭಾಗಿಸಿ. ಪ್ರಮಾಣಪತ್ರದಲ್ಲಿ ಎನ್‌ಎಸ್‌ಎಫ್ (ಅಮೆರಿಕದ ಮಾನಕ ಸಂಸ್ಥೆ) 42 ಎಂದರೆ ರುಚಿ, ವಾಸನೆ, ಕ್ಲೋರಿನ್‌ಗೆ ಸಂಬಂಧಿಸಿದ್ದು; 53 ಎಂದರೆ ಸೀಸದಂಥ ಆರೋಗ್ಯಕ್ಕೆ ಹಾನಿಕರ ವಸ್ತುಗಳಿಗೆ ಸಂಬಂಧಿಸಿದ್ದು, ಯಾವ ವಸ್ತುವಿಗೆ ಎಂಬುದನ್ನು ಪಟ್ಟಿಯಲ್ಲಿ ಓದಬೇಕು. ಹಳೆಯ ಕಟ್ಟಡದವರು 53 ಇರುವುದನ್ನೇ ಕೊಳ್ಳಲಿ.

ಪಾಲಿಕೆಯ ಮೆದು ನೀರು, ಚೊಕ್ಕ ಟ್ಯಾಂಕ್, ಸಣ್ಣ ಸಂಸಾರ ಇರುವ ಮುಂಬೈಯ ಮನೆಗೆ ಜಗ್ ಒಪ್ಪುತ್ತದೆ. ವಾಘೋಲಿಗೆ ಒಪ್ಪುವುದಿಲ್ಲ. ನಲ್ಲಿಯ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿಕೊಂಡು ಅಕ್ಕ ಈಗ ಗೋಡೆಗೆ ಆರ್‌ಒ ಯಂತ್ರ ಹಾಕಿಸಿದ್ದಾಳೆ. ಅವಳ ಜಗ್ ಮುಲುಂಡಿಗೆ ವಾಪಸಾಗಿ, ಟ್ಯಾಂಕ್ ತೊಳೆಸಲು ನನ್ನೊಂದಿಗೆ ತಾರಸಿ ಹತ್ತಿದ ಕಾವಲುಗಾರರ ಮನೆಯಲ್ಲಿದೆ. ತಳಕ್ಕೆ ಅಂಟಿಸಿದ ಪಟ್ಟಿಯಲ್ಲಿ ತಾರೀಖು, ಏಳು ನಿಮಿಷ, ಕೆಳಗೆ ಕೆಂಪು ಶಾಯಿಯಲ್ಲಿ "ಸೋಸಿ, ಆಮೇಲೆ ಕುದಿಸಿ" ಎಂದು ಬರೆದು ಕೊಟ್ಟಿದ್ದೇನೆ.